ಹಿತ್ತಲಿನ ಸುದ್ದಿ

ನಾದಿನಿ ಹಿತ್ತಲಿಗೆ ಸುರಿಯಲು ಫಿನಾಯಿಲ್ ಬಾಟಲಿ ಬಗ್ಗಿಸಿದ್ದಳು. ಲೈನ್‌ಮನ್ ಓಡಿಬಂದು ಅದನ್ನು ಕಿತ್ತುಕೊಂಡ.

“ಬೇಡ ಕಣಮ್ಮ! ನಿಮ್ಮಕ್ಕನ ಹುಳುಗಳಿವೆ.”

“ಅಕ್ಕನ್ನ ಹೊರಡಿಸೋ ಹೊತ್ತಾಯ್ತು ಭಾವ. ಜನ ಇಲ್ಲೇ ತಾನೆ ನಿಲ್ಲೋದು?”

ಅವನು ಬಾಟಲಿಗೆ ಮುಚ್ಚಳ ಹಾಕಿದ. ಹೆಂಡತಿಗೆ ಸಾಯುವವರೆಗೂ ನಲವತ್ತು ದಿನ ಸುಳ್ಳು ಹೇಳಿದ್ದ. ನಲ್ಲಿಯ ಹಿಂದಿನ ಕುಂಡದಡಿ ಒಂದು ಮರಿಯಾದರೂ ಬದುಕಿದ್ದರೆ ಆ ಮಾತು ಚೂರಾದರೂ ನಿಜವಾದೀತು.

*

ಅವನ ಹೆಂಡತಿ ಬಟ್ಟೆ ಹೊಲಿಯುವವಳು. ಕಣ್ಣಿಗೆ ಬಿಡುವೆಂದು ಹಿತ್ತಲಿಗೆ ಹೋದರೆ ಕುಕ್ಕರುಗಾಲಲ್ಲಿ ಕೂತೇಬಿಡುವಳು. ಇರುವೆ, ಜೇಡ ಎಲ್ಲವೂ ನೆಂಟರೇ. ಬಾಲದಲ್ಲಿ ಪುಟ್ಟ ಇಕ್ಕಳವಿದ್ದ ಕಂದು ಹುಳುವೆಂದರೆ ಪ್ರಾಣ.

“ನೋಡ್ರೀ ಈ ತಾಯೀನ, ಬೂಷ್ಟು ಹಿಡೀಬಾರ್ದು ಅಂತ ಮೊಟ್ಟೆನೆಲ್ಲ ನೆಕ್ತಾಳೆ.”

ಕರೆಂಟ್ ಕಂಬಕ್ಕೆ ಹೆದರದ ಲೈನ್‌ಮನ್ ಹುಳುವೆಂದರೆ ಮಾರು ದೂರ.

ಹಾಸಿಗೆ ಹಿಡಿದ ಮೇಲೆ ದಿನಾ ಬೆಳಿಗ್ಗೆ ಕೇಳುವಳು: “ಹಿತ್ತಲಲ್ಲಿ ಏನ್ರೀ ಸುದ್ದಿ?” ಅವನು ಅಡುಗೆಮನೆ ಬಾಗಿಲವರೆಗೆ ಹೋಗಿ, ಎರಡು ನಿಮಿಷ ಕಳೆದು ಬಂದು, ಬಾಯಿಗೆ ಬಂದದ್ದು ಹೇಳುವನು.

“ಇಪ್ಪತ್ತು ಮರಿ ಕಣೇ! ಇರುವೆ ಬಂದಿತ್ತು. ತಾಯಿ ಇಕ್ಕಳ ಎತ್ತಿದ್ದೇ ತಡ, ಪರಾರಿ!”

ಅವಳು ಕೆಮ್ಮುತ್ತಲೇ ನಗುವಳು. ಆ ನಗುವಿಗಾಗಿ ಮರುದಿನ ಇನ್ನೊಂದು ಸುಳ್ಳು.

*

“ಕುಂಡ ಎಲ್ಲಮ್ಮ?”

ನಾದಿನಿಯ ಮುಖ ಸಣ್ಣದಾಯಿತು. “ತಿಂಗಳಾಯ್ತು ಭಾವ. ತೊಳೆಯೋವಾಗ ನನ್ನ ಕೈಜಾರಿ ಚೂರಾಯ್ತು. ಹುಳಗಳೆಲ್ಲ ಕೊಚ್ಚಿಹೋದ್ವು. ಅವತ್ತೇ ಅಕ್ಕನ ಹತ್ರ ಹೇಳಿ ಅತ್ತುಬಿಟ್ಟೆ.”

“ಅವಳಿಗೆ ಗೊತ್ತಿತ್ತಾ?”

“‘ನಿಮ್ಮ ಭಾವಂಗೆ ಹೇಳ್ಬೇಡ ಕಣೇ’ ಅಂದ್ಲು. ‘ಮದುವೆಯಾದಾಗಿಂದ ನನ್ನ ಪಕ್ಕ ಕೂತು ಇಷ್ಟು ಮಾತಾಡಿರಲಿಲ್ಲ ಅವರು. ಹೇಳ್ತಿರಲಿ ಬಿಡು’ ಅಂದ್ಲು.”

ಲೈನ್‌ಮನ್ ನಲ್ಲಿಕಟ್ಟೆಯ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತ.

“ಯಜಮಾನ್ರೇ, ಹೊರಡೋಣ್ವಾ?” ಹೊರಗಿನಿಂದ ಶವದ ವ್ಯಾನಿನ ಡ್ರೈವರ್ ಕೂಗಿದ.

“ಎರಡೇ ನಿಮಿಷ.”

ಅವನು ಕೆಸರಿಗೆ ಮಂಡಿಯೂರಿ, ಗೋಡೆಯ ಬುಡದ ಇಟ್ಟಿಗೆಗಳನ್ನು ಒಂದೊಂದಾಗಿ ಎತ್ತತೊಡಗಿದ. ಏಳನೆಯದರ ಕೆಳಗೆ ಅವಳಿದ್ದಳು, ಮೊಟ್ಟೆ ಕಾಯುತ್ತಿದ್ದ ಅದೇ ಜಾತಿಯ ಇನ್ನೊಬ್ಬ ತಾಯಿ. ಈ ಸಲ ಅವನು ಹಿಂದೆ ಸರಿಯಲಿಲ್ಲ. ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದ. ಇಟ್ಟಿಗೆಯನ್ನು ಮೊದಲಿದ್ದಂತೆ ಮೆಲ್ಲಗೆ ಇಟ್ಟು ಒಳಗೆ ಹೋದ.

ನಡುಮನೆಯಲ್ಲಿ ಅವಳನ್ನು ಎತ್ತಲು ನಾಲ್ವರು ಬಗ್ಗಿದ್ದರು. ಅವನು ತಲೆದೆಸೆಯಲ್ಲಿ ಕೂತು ಅವಳ ಕಿವಿಗೆ ಬಾಯಿಟ್ಟ.

“ಮೂರು ಮೊಟ್ಟೆ ಉರುಳಿಹೋಗಿದ್ವು ಕಣೇ. ಒಂದೊಂದೇ ಬಾಯಲ್ಲಿ ಕಚ್ಕೊಂಡು ವಾಪಸ್ ತಂದ್ಲು...”

ಅವನು ಹೇಳುತ್ತಲೇ ಹೋದ. ಚಟ್ಟದಡಿ ಕೈ ಕೊಟ್ಟಿದ್ದ ನಾಲ್ವರೂ ಹಾಗೇ ಬಗ್ಗಿಕೊಂಡು ಕಾದರು.