ಮೂಗಿನಕ್ಕನ ಮಳಿಗೆ

"ಅಕ್ಕಾ, ಗೇಟು ತೆಗೆಯೋಕೆ ಮುಂಚೆ ಇದನ್ನೊಂದು ನೋಡಿಬಿಡಿ," ಎಂದು ಬಸ್ ಡ್ರೈವರ್ ಲೋಟ ಚಾಚಿದ. ಅವಳು ಎಂದಿನಂತೆ ಲೋಟವನ್ನು ಓರೆ ಮಾಡಿ, ಮೂಗು ಒಳಗಿಟ್ಟು, ಕಣ್ಣು ಮುಚ್ಚಿದಳು. ಏನೂ ಬರಲಿಲ್ಲ. ನೊರೆ ಮೂಗಿನ ತುದಿಗೆ ತಣ್ಣಗೆ ತಾಗಿತು, ಅಷ್ಟೇ.

"ಚೆನ್ನಾಗಿದೆ," ಎಂದಳು.

ಡ್ರೈವರನ ಮುಖ ಇಷ್ಟಗಲವಾಯಿತು. ಅವನಿಗೆ ಇದು ಮೊದಲ ಮೇಳ. ರಜೆ ಹಾಕಿ, ಮನೆಯ ಹಿಂದಿನ ಶೆಡ್ಡಿನಲ್ಲಿ ಮಾಡಿದ ಎರಡು ಪೀಪಾಯಿ ಬಿಯರನ್ನು ಭಾವಮೈದುನನ ವ್ಯಾನಿನಲ್ಲಿ ಹೇರಿಕೊಂಡು ಬಂದಿದ್ದ.

ಹಳೆಯ ಗೋದಾಮಿನ ಅಂಗಳದಲ್ಲಿ ನಡೆಯುವ ಈ ಮೇಳಕ್ಕೆ ಬರುವವರೆಲ್ಲ ಹೀಗೆಯೇ, ಮನೆಯಲ್ಲೋ ಶೆಡ್ಡಿನಲ್ಲೋ ಸ್ವಂತ ಕೈಯಿಂದ ಬಿಯರ್ ಮಾಡುವವರು. ಜನ ಒಳಗೆ ಬರುವ ಮುನ್ನ ಒಬ್ಬರದನ್ನೊಬ್ಬರು ಮೂಸಿ, ಮುಲಾಜಿಲ್ಲದೆ ನಿಜ ಹೇಳುವುದು ಅವರ ರೂಢಿ. ಎಲ್ಲರೂ ಮೊದಲು ಬರುತ್ತಿದ್ದದ್ದು ಇವಳ ಮಳಿಗೆಗೆ. ಲೋಟ ಹತ್ತಿರ ತಂದರೆ ಸಾಕು, ಎಲ್ಲಿ ಎಡವಟ್ಟಾಗಿದೆ ಎಂದು ಹೇಳಿಬಿಡುತ್ತಿದ್ದಳು. ಅದಕ್ಕೇ ಮೂಗಿನಕ್ಕ ಎಂಬ ಹೆಸರು. ಆದರೆ ಕಳೆದ ಚಳಿಗಾಲದಲ್ಲಿ ಬಂದ ಆ ಹಾಳು ಜ್ವರ, ಹೋಗುವಾಗ ಮೂಗನ್ನು ಇದ್ದಲ್ಲೇ ಬಿಟ್ಟು ವಾಸನೆಯನ್ನು ಮಾತ್ರ ಹೊತ್ತುಕೊಂಡು ಹೋಗಿತ್ತು.

ವಿಷಯ ಗೊತ್ತಿದ್ದದ್ದು ಅತ್ತೆಗೆ ಮಾತ್ರ. ಬಿಯರ್ ಎಂದರೆ ಮುಖ ಸಿಂಡರಿಸುತ್ತಿದ್ದ ಅತ್ತೆ, ಸೊಸೆ ಬಿಯರ್ ಕಾಯಿಸುವ ಹಂಡೆಯ ಮುಂದೆ ಕೂತು ಅಳುವುದನ್ನು ಒಂದು ಮಧ್ಯಾಹ್ನ ನೋಡಿದ್ದರು. "ಮೂಸಿದ್ರೆ ಕುಡಿದ ಹಾಗಾಗಲ್ಲ ಬಿಡು," ಎಂದು ತಮ್ಮಷ್ಟಕ್ಕೆ ತೀರ್ಮಾನ ಮಾಡಿಕೊಂಡು, ಅಂದಿನಿಂದ ಸೊಸೆಗೆ ಮೂಗಾಗಿ ನಿಂತಿದ್ದರು. ಈ ಸಲದ ಬಿಯರ್ ಆದದ್ದು ಹಾಗೆ.

ಈಗ ಡ್ರೈವರ್ ಬಿಟ್ಟುಹೋದ ಲೋಟವನ್ನು ಅತ್ತೆ ಎತ್ತಿಕೊಂಡರು. ಮೂಸಿದವರೇ ದೂರ ಹಿಡಿದರು.

"ಚೆನ್ನಾಗಿದೆ ಅಂದ್ಯಲ್ಲೇ! ಗಾಯಕ್ಕೆ ಸುತ್ತೋ ಬ್ಯಾಂಡೇಜಿನ ವಾಸನೆ ಹೊಡೀತಿದೆ."

ಅವಳಿಗೆ ತಕ್ಷಣ ಗೊತ್ತಾಯಿತು. ಪೀಪಾಯಿಯನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದು, ಸರಿಯಾಗಿ ಜಾಲಾಡಿಸದಿದ್ದರೆ ಬರುವ ವಾಸನೆ ಅದು. ಮೊದಲಾಗಿದ್ದರೆ ಹತ್ತು ಹೆಜ್ಜೆ ದೂರದಿಂದಲೇ ಹಿಡಿಯುತ್ತಿದ್ದಳು. ಪಾಪ, ಆ ಮನುಷ್ಯ ಅವಳ ಒಂದು ಮಾತನ್ನು ನಂಬಿ ಅದೇ ಪೀಪಾಯಿಗೆ ನಲ್ಲಿ ಕೂರಿಸುತ್ತಿದ್ದ.

"ಹೇಳಿದ್ರೆ ನಿನ್ನ ಬಿಯರ್ ಯಾರು ಮುಟ್ತಾರೆ?" ಅತ್ತೆ ಮೆಲ್ಲಗೆ ಕೇಳಿದರು. "ಯೋಚನೆ ಮಾಡು."

ಅವಳು ಯೋಚನೆ ಮಾಡಲಿಲ್ಲ. ಮಾಡಿದ್ದರೆ ಕಾಲು ಏಳುತ್ತಿರಲಿಲ್ಲ. ನೇರ ಹೋಗಿ ಅವನ ನಲ್ಲಿಯ ಮೇಲೆ ಕೈಯಿಟ್ಟಳು.

"ಇದನ್ನ ತೆಗೀಬೇಡಿ, ಕೆಟ್ಟಿದೆ. ನಾನು ಸುಳ್ಳು ಹೇಳಿದೆ."

"ಈಗ ತಾನೇ ಚೆನ್ನಾಗಿದೆ ಅಂದ್ರಲ್ಲಕ್ಕಾ?"

"ನಂಗೆ ವಾಸನೆ ಬರೋದೇ ಇಲ್ಲ. ಜ್ವರದಲ್ಲಿ ಹೋಯ್ತು."

ಅಕ್ಕಪಕ್ಕದ ಮಳಿಗೆಯವರು ತಿರುಗಿ ನೋಡಿದರು. ಡ್ರೈವರ್ ಇನ್ನೊಂದು ಲೋಟಕ್ಕೆ ಬಗ್ಗಿಸಿ ತಾನೇ ಮೂಸಿದ, ಮತ್ತೆ ಮೂಸಿದ. ಈಗ ಅವನಿಗೂ ಗೊತ್ತಾಯಿತು. "ನನ್ನ ಮಾನ ಹರಾಜಾಗ್ತಿತ್ತು," ಎಂದಷ್ಟೇ ಹೇಳಿ, ಆ ಪೀಪಾಯಿಯನ್ನು ಉರುಳಿಸಿಕೊಂಡು ಹಿಂದಕ್ಕೆ ಹೋದ. ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಅವಳು ಮಳಿಗೆಗೆ ಮರಳಿದಾಗ ಅತ್ತೆ ಆಗಲೇ ಚೀಲಕ್ಕೆ ಸಾಮಾನು ತುಂಬುತ್ತಿದ್ದರು. "ನಡಿ, ಹೋಗೋಣ."

"ಎಲ್ಲಿಗೆ? ತೆಗೀರಿ ಅತ್ತೆ ಲೋಟಗಳನ್ನ," ಎಂದಳು. ಬೆಲೆ ಬರೆದಿದ್ದ ಹಲಗೆಯನ್ನು ಒರೆಸಿ, ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಳು: ಇದನ್ನು ಮಾಡಿದವಳಿಗೆ ವಾಸನೆ ಬರುವುದಿಲ್ಲ. ಕುಡಿದು ನೀವೇ ಹೇಳಿ.

ಗೇಟು ತೆರೆಯಿತು. ಮೊದಮೊದಲು ಜನ ಹಲಗೆ ಓದಿ, ನಕ್ಕು, ಮುಂದೆ ಹೋದರು. ಅವಳು ಬೆನ್ನು ನೆಟ್ಟಗೆ ಮಾಡಿ ನಿಂತೇ ಇದ್ದಳು. ಮಧ್ಯಾಹ್ನದ ಹೊತ್ತಿಗೆ ದಪ್ಪ ಮೀಸೆಯ ಬಡಗಿಯೊಬ್ಬ ಲೋಟ ಹಿಡಿದು, "ಆಗಷ್ಟೇ ತೋಪಡಾದಲ್ಲಿ ಹೆರೆದ ಹಲಗೆಯ ವಾಸನೆ ಇದ್ದ ಹಾಗಿದೆ," ಎಂದ. ಅವನ ಹೆಂಡತಿ, "ನಿಮಗೆಲ್ಲಾ ಮರವೇ! ಕಿತ್ತಳೆ ಸಿಪ್ಪೆ ಕಣ್ರೀ ಇದು," ಎಂದು ಜಗಳಕ್ಕೆ ನಿಂತಳು. ಜಗಳ ಕಂಡು ನಾಲ್ಕು ಜನ ಸೇರಿದರು. ಒಬ್ಬ ಕುಡಿದು, ಏನೂ ವಿಶೇಷವಿಲ್ಲ ಎಂದು ಹೋದ. ಅದನ್ನೂ ಅವಳು ತಲೆ ಆಡಿಸಿ ಕೇಳಿಕೊಂಡಳು. ಅತ್ತೆ ಮಾತ್ರ ಅವನ ಬೆನ್ನನ್ನು ದುರುಗುಟ್ಟಿಕೊಂಡು ನೋಡಿದರು.

ಸಂಜೆಯಾಗಿ ಅಂಗಳ ಖಾಲಿಯಾಗುತ್ತಿದ್ದಾಗ ಡ್ರೈವರ್ ಬಂದ. ಇಡೀ ದಿನ ಅವನು ಇತ್ತ ತಿರುಗಿಯೂ ನೋಡಿರಲಿಲ್ಲ. ಕೈಯಲ್ಲಿ ಎರಡು ಲೋಟ. ಒಂದನ್ನು ಅತ್ತೆಗೆ ಕೊಟ್ಟ.

"ಅಮ್ಮಾ, ಇನ್ನೊಂದು ಪೀಪಾಯಿದು. ಸ್ವಲ್ಪ ಮೂಸಿ ನೋಡಿ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ದೊಡ್ಡ ವೈದ್ಯರ ಗತ್ತಿನಲ್ಲಿ ಮೂಸಿದರು. "ಒಣಹುಲ್ಲು. ತಪ್ಪೇನಿಲ್ಲಪ್ಪ."

ಅವನು ಹೋಗಲಿಲ್ಲ. ಇನ್ನೊಂದು ಲೋಟವನ್ನು ಅವಳ ಕಡೆಗೆ ಚಾಚಿದ.

"ನಂಗೆ ಬರಲ್ಲ ಅಂದ್ನಲ್ಲ," ಎಂದಳು.

"ನಾಲಿಗೆ ಇದೆಯಲ್ಲ? ಕಹಿ ಎಷ್ಟಿದೆ ಹೇಳಿ. ಆದ್ರೆ ನನ್ನ ಖುಷಿಗೆ ಅಂತ ಹೇಳ್ಬೇಡಿ."

ಅವಳು ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ನುಂಗಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ನೋಡಿದಳು.

"ಜಾಸ್ತಿಯಾಗಿದೆ," ಎಂದಳು.

ಡ್ರೈವರ್ ಖಾಲಿ ಕ್ರೇಟೊಂದನ್ನು ಬೋರಲು ಹಾಕಿ, ಎಳೆದುಕೊಂಡು ಎದುರಿಗೆ ಕೂತ.

"ಎಷ್ಟು ಜಾಸ್ತಿ?"

ಅವಳು ಇನ್ನೊಂದು ಗುಟುಕು ತೆಗೆದುಕೊಂಡಳು.