ಮುಖ್ಬಿಲ್ ಹತ್ತಿಸಿಕೊಂಡವರು

ಸರ್ಕಾರದವರು ನಮ್ಮ ಬಾಗಿಲಿಗೆ ಹೋರಿ ಹಿಡಿದುಕೊಂಡು ಬಂದರು. ಅದೂ ಕೊಬ್ಬಿದ ಹೋರಿ, ಮೂವರು ಎಳೆದರೂ ಲಾರಿಯಿಂದ ಇಳಿಯಲೊಲ್ಲದು. ನನ್ನ ತಮ್ಮ ಮುಖ್ಬಿಲ್‌ನನ್ನು ಆಕಾಶದಿಂದ ಸುಟ್ಟು ಕೊಂದು ನಲವತ್ತು ದಿನ ಕಳೆದ ಮೇಲೆ ಅವರಿಗೆ ನಮ್ಮ ಮನೆ ದಾರಿ ನೆನಪಾಯಿತು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ!

ಯೆಮನ್‌ನ ನಮ್ಮ ಬೆಟ್ಟಸೀಮೆಯಲ್ಲಿ ಕೊಂದವನು ಸತ್ತವನ ಬಾಗಿಲಲ್ಲಿ ಹೋರಿ ಕೊಯ್ದರೆ, ತಪ್ಪು ನನ್ನದು ಎಂದು ಹತ್ತು ಜನರೆದುರು ಒಪ್ಪಿಕೊಂಡ ಹಾಗೆ. ರಕ್ತ ನೆಲಕ್ಕೆ ಬಿತ್ತೋ, ಆಮೇಲೆ ಸತ್ತವನ ಕಡೆಯವರು ತುಟಿ ಬಿಚ್ಚುವಂತಿಲ್ಲ. ಬೇಡವೆಂದು ಹೋರಿಯನ್ನು ಜೀವಂತ ಹಿಂದಕ್ಕೆ ಅಟ್ಟಿದರೆ ತಂದವನಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ.

ಮುಖ್ಬಿಲ್ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ದಾರಿಯಲ್ಲಿ ಕೈ ತೋರಿಸಿದವರನ್ನು ಬಿಟ್ಟು ಹೋಗುವ ಗಂಡಸನ್ನು ನಮ್ಮಲ್ಲಿ ಯಾರೂ ಗಂಡಸು ಅನ್ನುವುದಿಲ್ಲ. ಯಾರು ನೀನು, ಎಲ್ಲಿಯವನು ಎಂದು ಕೇಳುವುದೂ ತಪ್ಪೇ. ಹತ್ತಿದವನು ಇಳಿಯುವ ತನಕ ಅವನ ಪ್ರಾಣ ಗಾಡಿಯವನ ಹೊಣೆ. ಆ ಮಧ್ಯಾಹ್ನ ಇಬ್ಬರು ಕೈ ತೋರಿಸಿದರು, ಇವನು ಹತ್ತಿಸಿಕೊಂಡ. ನನ್ನ ದೊಡ್ಡಪ್ಪನ ಮಗ ಅವದ್ ತನ್ನ ಪಿಕಪ್‌ನಲ್ಲಿ ಹಿಂದೆಯೇ ಬರುತ್ತಿದ್ದ, ಎಲ್ಲವನ್ನೂ ಕಣ್ಣಾರೆ ಕಂಡ. ಎರಡು ತಿರುವು ದಾಟುವಷ್ಟರಲ್ಲಿ ಡ್ರೋನಿನ ಕ್ಷಿಪಣಿ ಬಿತ್ತು. ಟ್ಯಾಂಕರಿನ ತುಂಬ ನೀರಿತ್ತು, ಆದರೂ ನನ್ನ ತಮ್ಮ ಉರಿದು ಸತ್ತ.

ಸಂಜೆ ರೇಡಿಯೋದಲ್ಲಿ ಹೇಳಿದರು: ಮೂವರು ಉಗ್ರರ ಹತ್ಯೆ. ಮೂವರಂತೆ! ಆ ಇಬ್ಬರಲ್ಲಿ ಒಬ್ಬನ ಹೆಸರು ಯಾವುದೋ ಪಟ್ಟಿಯಲ್ಲಿತ್ತಂತೆ. ಇದ್ದಿರಬಹುದು, ನನಗೇನು ಗೊತ್ತು? ಹೊಡೆದವರು ಪರದೇಶದವರು, ಹೂಂ ಎಂದವರು ನಮ್ಮ ಸರ್ಕಾರದವರು. ಅಂದಿನಿಂದ ತಪಾಸಣೆ ಠಾಣೆಯಲ್ಲಿ ನಮ್ಮ ಮನೆತನದ ಹೆಸರು ಕೇಳಿದ ಕೂಡಲೇ ಕೆಳಗಿಳಿಸುತ್ತಾರೆ. ಮುಖ್ಬಿಲ್‌ನ ಹೆಂಡತಿ ಹುಸ್ನ ಎಂಟು ತಿಂಗಳ ಬಸುರಿ. ಅವಳನ್ನು ಆಸ್ಪತ್ರೆಗೆ ಹೋಗಲು ಬಿಡದೆ ಎರಡು ಸಲ ವಾಪಸ್ ಕಳಿಸಿದರು. ನನಗೆ ಬೇಕಾಗಿದ್ದು ಒಂದೇ ಮಾತು. ಮುಖ್ಬಿಲ್‌ನದು ತಪ್ಪಿರಲಿಲ್ಲ ಎಂದು ಸರ್ಕಾರದ ಬಾಯಿಂದ ಬರಬೇಕಿತ್ತು.

ರಾಜಧಾನಿಯಿಂದ ಬಂದ ಅಧಿಕಾರಿಯ ಹೆಸರು ಮುತಹ್ಹರ್. ಕಪ್ಪು ಕನ್ನಡಕ, ಕಂಕುಳಲ್ಲಿ ಫೈಲು. ನಮ್ಮ ಕುಲದ ಹಿರಿಯ ಷೇಖ್ ದೈಫಲ್ಲಾ ಆಗಲೇ ಚೂರಿ ಹಿರಿದು ನಿಂತಿದ್ದರು. ನಾನು ಹೊಸ್ತಿಲಿಗೆ ಅಡ್ಡ ನಿಂತೆ.

"ತಖಿಯ್ಯಾ, ಸರ್ಕಾರಾನೇ ಹೋರಿ ಹಿಡ್ಕೊಂಡು ಬಾಗಿಲಿಗೆ ಬಂದಿದೆ. ಇನ್ನೇನು ಬೇಕಮ್ಮಾ ನಿಂಗೆ?" ಎಂದರು ಷೇಖ್.

"ಏನೂ ಬೇಡ ಚಿಕ್ಕಪ್ಪ. ನನ್ನ ತಮ್ಮಂದು ತಪ್ಪಿರ್ಲಿಲ್ಲ ಅಂತ ಇವ್ರು ಬಾಯಿಬಿಟ್ಟು ಹೇಳ್ಲಿ. ಆಮೇಲೆ ಕೊಯ್ರಿ."

ಅಧಿಕಾರಿ ಫೈಲಿನಿಂದ ಕಾಗದ ತೆಗೆದು ಓದಿದ: "ಶಂಕಿತರೊಂದಿಗೆ ಇದ್ದ ಕಾರಣ, ದುರದೃಷ್ಟವಶಾತ್..."

"ನಿಲ್ಸಿ! ಅವ್ನು ಯಾರ ಜೊತೆಗೂ ಇರ್ಲಿಲ್ಲ. ಅವ್ನ ಗಾಡೀಲಿ ಅವ್ರಿದ್ರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಯಾವೂರ ನ್ಯಾಯ?"

"ತಾಯಿ, ಯುದ್ಧದ ಕಾನೂನಿನಲ್ಲಿ..."

"ಯಾರ್ ಮೇಲೆ ಯುದ್ಧ? ನೀರಿನ ಟ್ಯಾಂಕರ್ ಮೇಲಾ? ಯಾವ ಖಾಜಿ ಮುಂದೆ ನಿಲ್ಸಿದ್ರಿ ಅವನ್ನ? ನಮ್ಮೂರಲ್ಲಿ ಕೋಳಿ ಕದ್ದೋನಿಗೂ 'ನಾನಲ್ಲ' ಅನ್ನೋಕೆ ಒಂದ್ ಗಳಿಗೆ ಕೊಡ್ತೀವಿ. ನೀವು ಅಷ್ಟೂ ಕೊಡ್ಲಿಲ್ವಲ್ಲ! ಆ ಇನ್ನಿಬ್ರಿಗೂ ಕೊಡ್ಲಿಲ್ಲ!"

ಅಧಿಕಾರಿಗೆ ರೇಗಿತು. "ಅಂಥವರನ್ನ ಹತ್ತಿಸ್ಕೊಂಡಿದ್ದೇ ತಪ್ಪು. ಪಕ್ಕದಲ್ಲಿ ಕೂರೋನು ಯಾರು ಅಂತ ಕೇಳ್ಬೇಕಿತ್ತು."

ಷೇಖ್ ದೈಫಲ್ಲಾ ಅವನ ಮುಖವನ್ನೇ ನೋಡಿದರು. ಆಮೇಲೆ ಚೂರಿಯನ್ನು ಒರೆಗೆ ತುರುಕಿ ದೂರ ಸರಿದು ನಿಂತರು.

ಆಗ ಆ ಮನುಷ್ಯ ಹೊಸ್ತಿಲ ತನಕ ಬಂದು ಪಿಸುಗುಟ್ಟಿದ: "ತಾಯಿ, ಅವನು ಬರೀ ನೀರಿನವನು ಅಂತ ನಂಗೂ ಗೊತ್ತು. ಬಾಯ್ಬಿಟ್ರೆ ನನ್ನ ಕೆಲಸ ಹೋಗುತ್ತೆ."

"ಅದನ್ನೇ ಗಟ್ಟಿಯಾಗಿ ಹೇಳಿ."

ಅವನು ಫೈಲು ಮುಚ್ಚಿ ಕಂಕುಳಿಗೆ ಇರುಕಿಕೊಂಡ. ಗೊತ್ತಿದ್ದೂ ಗೊತ್ತಿದ್ದೂ ಸುಳ್ಳಿಗೆ ಮೊಹರು ಒತ್ತಿಸಿಕೊಂಡು ಹೋಗಲು ಬಂದಿದ್ದಾನೆ, ದರಿದ್ರದವನು! ಹೋರಿಯ ಹಗ್ಗ ಬಿಚ್ಚಿ ಅದರ ಬೆನ್ನಿಗೆ ಬಾರಿಸಿದೆ. ಅದು ಬಂದ ಲಾರಿಯ ಕಡೆಗೇ ಓಡಿತು. ಅದನ್ನು ಹೇರಿಕೊಂಡು ಲಾರಿ ಮೊದಲು ಹೊರಟಿತು, ಹಿಂದಿನಿಂದ ಸಾಹೇಬರ ಕಾರು ಹೋಯಿತು.

ಅಷ್ಟರಲ್ಲಿ ಹುಸ್ನಳಿಗೆ ಸೊಂಟನೋವು ಎದ್ದಿತು. ಠಾಣೆಯವರು ಬಿಡಲಿ ಬಿಡದಿರಲಿ, ಪಟ್ಟಣಕ್ಕೆ ಹೋಗಲೇಬೇಕಿತ್ತು. ಅವದ್ ಪಿಕಪ್ ತೆಗೆದ. ಅವನ ಪಕ್ಕ ನಾನು, ನನಗೊರಗಿ ಹುಸ್ನ. ಊರು ದಾಟಿದ ಮೇಲೆ ಚೀಲ ಹೊತ್ತ ಇಬ್ಬರು ಕೈ ತೋರಿಸಿದರು. ಅವದ್ ನಿಲ್ಲಿಸಿದ, ಅವರು ಹಿಂದೆ ಹತ್ತಿ ಕೂತರು. ತಲೆಯ ಮೇಲೆ ಡ್ರೋನಿನ ಗುಂಯ್ ಸದ್ದು ಎಂದಿನ ಹಾಗೆ ಇದ್ದೇ ಇತ್ತು.

ಇಳಿಜಾರಿನಲ್ಲಿ ಸಾಹೇಬರ ಕಾರು ವಾಲಿಕೊಂಡು ನಿಂತಿತ್ತು, ಮುಂದಿನ ಚಕ್ರವೇ ಕಳಚಿ ಹೋಗಿತ್ತು. ಅಧಿಕಾರಿ, ಅವನ ಡ್ರೈವರು, ಕೋವಿ ಹಿಡಿದ ಒಬ್ಬ ಕಾವಲಿನವನು ಬಿಸಿಲಲ್ಲಿ ನಿಂತಿದ್ದರು. ಇನ್ನೊಂದು ಗಾಡಿ ಬರಬೇಕೆಂದರೆ ಸಂಜೆಯಾದೀತು. ಇವನ ಮುಖದ ಮೇಲೆ ಧೂಳೆಬ್ಬಿಸಿಕೊಂಡು ಹೋಗೋಣ ಎಂದು ನನ್ನ ಮನಸ್ಸು. ಅವದ್ ಮಾತ್ರ ಗಾಡಿ ನಿಲ್ಲಿಸಿದ.

"ಹಿಂದೆ ಹತ್ತಿ ಸಾಹೇಬ್ರೆ, ಪಟ್ಟಣದ ತನಕ ಬಿಡ್ತೀನಿ."

ಬದುಕಿದೆ ಅನ್ನುವ ಹಾಗೆ ಬಂದು ಒಂದು ಕಾಲು ಮೇಲಿಟ್ಟ. ಆಮೇಲೆ ಹಿಂದೆ ಕೂತಿದ್ದವರನ್ನು ನೋಡಿದ.

"ಇವರು ಯಾರು?"

"ಯಾರೋ ಏನೋ. ಕೈ ತೋರ್ಸಿದ್ರು, ಹತ್ತಿಸ್ಕೊಂಡೆ."

ಇಟ್ಟ ಕಾಲು ಕೆಳಗಿಳಿಯಿತು. ಅಧಿಕಾರಿ ಕತ್ತೆತ್ತಿ ಮೇಲೆ ನೋಡಿದ. ಡ್ರೋನು ಜಾಡು ಹಿಡಿಯದಿರಲೆಂದು ಜೇಬಿನಿಂದ ಫೋನು ತೆಗೆದು ಆರಿಸಿದ.

"ನೀವು ಹೋಗಿ. ನಾನು ಇಲ್ಲೇ ಇರ್ತೀನಿ."

"ಯಾಕೆ ಸಾಹೇಬ್ರೆ?" ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. "ನಿಮ್ದೇನೂ ತಪ್ಪಿಲ್ವಲ್ಲ?"

"ತಪ್ಪಿಲ್ಲದಿದ್ರೇನು ತಾಯಿ?" ಅವನು ಆಕಾಶದ ಕಡೆ ಬೆರಳು ತೋರಿಸಿದ. "ಮೇಲಿರೋದಕ್ಕೆ ಅದು ಗೊತ್ತಾಗುತ್ತಾ?"

ಗಟ್ಟಿಯಾಗಿಯೇ ಹೇಳಿದ. ಅವನ ಡ್ರೈವರು ಕೇಳಿಸಿಕೊಂಡ, ಕಾವಲಿನವನು ಕೇಳಿಸಿಕೊಂಡ. ಹುಸ್ನ ಕಣ್ಣು ಬಿಟ್ಟು ಅವನನ್ನೇ ನೋಡಿದಳು.

"ಅಲ್ಲಾಹನಾಣೆ, ಇಷ್ಟೇ ನಾನು ಕೇಳಿದ್ದು! ಇದನ್ನೇ ಆ ಕಾಗದದ ಮೇಲೆ ಬರ್ಕೊಡಿ. ಠಾಣೇಲಿ ತೋರಿಸ್ತೀನಿ."

ಅವನು ಫೈಲನ್ನು ಎದೆಗೆ ಅವುಚಿಕೊಂಡ. "ಬರೆಯೋಕಾಗಲ್ಲ ತಾಯಿ."

"ಥೂ ನಿಮ್ಮ ಬಾಳಿಗೆ!" ಎಂದೆ. ಇನ್ನೂ ಏನೇನೋ ಅಂದೆ, ಅದನ್ನೆಲ್ಲ ಇಲ್ಲಿ ಹೇಳುವಂತಿಲ್ಲ.

ಆಗ ಹಿಂದೆ ಕೂತವರಲ್ಲಿ ಒಬ್ಬ ಚೀಲ ಎತ್ತಿಕೊಂಡು ಎದ್ದ. "ಅಣ್ಣ, ಗಾಡೀಲಿ ಬಸುರಿ ಇದ್ದಾರೆ. ನಾವು ಇಳಿದುಬಿಡ್ತೀವಿ. ನಮ್ಮಿಂದ ನಿಮಗ್ಯಾಕೆ..."

ಸುಳ್ಳು ಯಾಕೆ ಹೇಳಲಿ, ಇಳಿಯಲಿ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಅವದ್ ನನ್ನ ಕಡೆ ನೋಡಿದ. ನಾನು ಹುಸ್ನಳ ಕಡೆ ನೋಡಿದೆ. ಹುಸ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನೋವಿನಲ್ಲೇ ಹಿಂದಕ್ಕೆ ತಿರುಗಿದಳು.

"ಕೂತ್ಕೊಳ್ರಣ್ಣ," ಎಂದಳು. "ಹತ್ತಿದೋರನ್ನ ನಮ್ಮನೆಯವರು ನಡುದಾರೀಲಿ ಇಳಿಸಲ್ಲ."

ಅವದ್ ಗಾಡಿ ಹೊರಡಿಸಿದ. ಠಾಣೆ ಬರುವ ತನಕ ಯಾರೂ ಮೇಲೆ ನೋಡಲಿಲ್ಲ.