ಗಾಳಿಯ ಸದ್ದು ಬಿಗಿಯಾಗಿದೆ

ಮಧ್ಯಾಹ್ನ ಪಕ್ಕದ ಮನೆಯ ಪಾನ್ ಅತ್ತೆ ಅಂಗಳದ ಗೋಡೆಯಾಚೆಯಿಂದ ಕೂಗಿದಳು. "ಬಂದರಲ್ಲಿ ನಿನ್ನಣ್ಣ ಹೈಗೆನ್ ಸಿಕ್ಕಿದ್ದ ಕಣೇ ಸುವೆನ್. ಗಾಳಿ ಸದ್ದು ಬಿಗಿಯಾಗಿದೆ, ಸಂಜೆಯೊಳಗೆ ಮನೆ ಭದ್ರ ಮಾಡ್ಕೊ ಅಂತ ಹೇಳು ಅಂದ."

ಸುವೆನ್ ಒಳಗೋಡಿದಳು. ಗಾಳಿಯ ಸದ್ದು ಬಿಗಿ ಎಂಬ ಮಾತಿಗೆ ಊರಲ್ಲಿ ಈಗ ಉಳಿದಿದ್ದು ಒಂದೇ ಅರ್ಥ: ಮನೆ ಜಾಲಾಡುವವರು ಬರುತ್ತಿದ್ದಾರೆ. ಹಳೆಯದನ್ನೆಲ್ಲ ಅಳಿಸಿಹಾಕುತ್ತೇವೆಂದು ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡ ಆ ಶೂರರು ಹಳೆಯ ಪುಸ್ತಕ ಸಿಕ್ಕಿತೆಂದು ಕಳೆದ ವಾರ ಎದುರು ಓಣಿಯ ವೈದ್ಯರನ್ನು ಬೀದಿಯಲ್ಲಿ ಮಂಡಿಯೂರಿಸಿದ್ದರು. ವೈದ್ಯರ ಹೆಂಡತಿ ಇನ್ನೂ ಬಾಗಿಲು ತೆರೆದಿಲ್ಲ.

ಸುವೆನ್‌ಳ ಚಾಪೆಯಡಿ ಇದ್ದದ್ದು ಅಪ್ಪನ ಕೈಬರಹದ ಪುಸ್ತಕ. ಮೇಷ್ಟ್ರಾಗಿದ್ದ ಅಪ್ಪ ನಲವತ್ತು ವರ್ಷ ದೋಣಿಯವರ ಬೆನ್ನುಬಿದ್ದು ಗಾಳಿಮಳೆಯ ನುಡಿಗಟ್ಟುಗಳನ್ನು ಕೂಡಿಹಾಕಿದ್ದರು. ಅದರಲ್ಲಿದ್ದ 'ಗಾಳಿಯನ್ನು ಹಿಡಿ, ನೆರಳನ್ನು ಬಾಚು' ಎಂದರೆ ಸುಳ್ಳುಸುಳ್ಳೇ ಆರೋಪ ಹೊರಿಸುವುದು. ಅದನ್ನು ಓದಿದರೆ ಆ ಶೂರರಿಗೆ ಮೈ ಉರಿಯದೆ ಇರುತ್ತದೆಯೇ? ಅಪ್ಪ ವಸಂತದಲ್ಲಿ ತೀರಿಕೊಂಡಿದ್ದರು. ಪುಸ್ತಕಕ್ಕೆ ಇನ್ನೊಂದು ಪ್ರತಿ ಇರಲಿಲ್ಲ.

ಅಕ್ಕಿ ಗಡಿಗೆಯಲ್ಲಿ ಬಚ್ಚಿಡೋಣವೆಂದರೆ ಅವರು ಮೊದಲು ಕೈಹಾಕುವುದೇ ಅಲ್ಲಿಗೆ. ಅಗುಳಿ ಹಾಕಿ ಒಲೆಯ ಮುಂದೆ ಕುಳಿತಳು. ಒಂದೊಂದೇ ಹಾಳೆ ಹರಿದು ಒಲೆಗಿಟ್ಟಳು. ಕಿಟಕಿಯ ಕದ ಬಡಿದಾಗಲೆಲ್ಲ ಬಂದೇಬಿಟ್ಟರೆಂದು ಬಾಗಿಲತ್ತ ತಿರುಗುತ್ತಿದ್ದಳು. ಹೊರಗೆ ಗಾಳಿ ಎದ್ದು ಹೊಗೆಯನ್ನು ಒಳಕ್ಕೇ ನೂಕುತ್ತಿತ್ತು. ಕಾಗದ ಸುಟ್ಟ ವಾಸನೆ ಓಣಿಗೆ ಹೋದರೇನು ಗತಿ ಎಂದು ಅದಕ್ಕೂ ಹೆದರಿದಳು.

ಕೊನೆಯ ಹಾಳೆಯ ತಲೆಯಲ್ಲಿ ಅದೇ ಮಾತಿತ್ತು: 'ಗಾಳಿಯ ಸದ್ದು ಬಿಗಿಯಾಗಿದೆ'. ಕೆಳಗೆ ಎರಡು ಅರ್ಥ, ಅಪ್ಪನ ಪುಟ್ಟ ಅಕ್ಷರಗಳಲ್ಲಿ. ಓದುತ್ತಾ ಕೂರುವಷ್ಟು ಧೈರ್ಯ ಅವಳಿಗಿರಲಿಲ್ಲ. ಅದನ್ನೂ ಬೆಂಕಿಗೆ ತಳ್ಳಿದಳು.

ಆಗ ಬಾಗಿಲಲ್ಲಿ ದಬದಬನೆ ಸದ್ದಾಯಿತು.

"ನಾನು ಕಣೇ, ಹೈಗೆನ್! ತೆಗಿಯೇ!"

ಅಣ್ಣ ತೊಯ್ದು ತೊಪ್ಪೆಯಾಗಿ ಒಳಬಂದ. "ಏನೇ ನಿಂಗೆ ಬುದ್ಧಿ ಕೆಟ್ಟಿದ್ಯಾ? ಕಿಟಕಿಗೆ ಹಲಗೆ ಹೊಡ್ದಿಲ್ಲ, ಹೆಂಚಿನ ಮೇಲೆ ಕಲ್ಲಿಟ್ಟಿಲ್ಲ! ದೋಣಿಗಳನ್ನೆಲ್ಲ ದಡಕ್ಕೆಳೆದ್ವಿ. ಚಂಡಮಾರುತ ಬರ್ತಿದೆ ಅಂತ ಪಾನ್ ಅತ್ತೆ ಹತ್ರ ಹೇಳಿ ಕಳಿಸಿದ್ನಲ್ಲ!"

ದೋಣಿಯವನ ಬಾಯಲ್ಲಿ ಗಾಳಿ ಎಂದರೆ ಗಾಳಿಯೇ ಎಂಬುದು ಸುವೆನ್‌ಳಿಗೆ ಹೊಳೆದಿದ್ದು ಆಗ.

ಹೈಗೆನ್ ಅಂಗಿಯೊಳಗಿಂದ ಮಡಿಸಿದ ಎಣ್ಣೆಬಟ್ಟೆ ತೆಗೆದ. "ಸರಿ, ಅಪ್ಪನ ಪುಸ್ತಕ ಕೊಡು. ಸೂರು ಹಾರಿದ್ರೂ ಅದೊಂದು ನೆನೀಬಾರ್ದು ಅಂತ ಓಡಿ ಬಂದೆ."

ಅವಳು ಮಸಿ ಹತ್ತಿದ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಳು.